ಕೆಂಪಾಗಬೇಕಿದ್ದ ಬೆಳಕು

ಅಧ್ಯಾಯ ೭

"ಹೊಡಿಯಕ್ಕ, ಇನ್ನೂ ಒಂದು ಹೊಡಿ. ಆದ್ರೆ ನಾನು ಕಂಡಿದ್ದು ಬಿಳಿ ಬೆಳಕೇ."

ಲಾಕಪ್ಪಿನ ಕಂಬಿಗಳ ನಡುವೆ ಕೈ ತೂರಿಸಿ ಅಕ್ಕ ತಮ್ಮನ ಅಂಗಿಯ ಕೊರಳು ಹಿಡಿದಿದ್ದಳು. ಮೊದಲ ಏಟಿಗೇ ಅವನ ತುಟಿ ಒಡೆದಿತ್ತು. ಐಸ್ ಕಾರ್ಖಾನೆಯಲ್ಲಿ ದಿನವಿಡೀ ಸುತ್ತಿಗೆ ಹಿಡಿದು ಮಂಜುಗಡ್ಡೆ ಒಡೆಯುವ ಕೈ ಅದು. ಬಿಡಿಸಲು ಹೋದ ಪೇದೆ ತಾನೂ ಒಂದು ತಿಂದು ಗೋಡೆಗೆ ಸರಿದು ನಿಂತಿದ್ದ.

"ಬಿಳಿಯಂತೆ ಬಿಳಿ! ಕುಡಿದಿದ್ದೆ ಅಂತ ಒಪ್ಕೊಂಡ್ಬಿಡೋ. ಆ ಮುದುಕನ್ನ ನುಂಗಿದೆ, ನಿನ್ನ ಭಾವನ್ನ ನುಂಗಿದೆ. ಈಗ ದೀಪದ ತಲೆಗೆ ಕಟ್ತೀಯಾ?"

"ಒಂದು ತೊಟ್ಟು ಕುಡಿದಿರಲಿಲ್ಲ ಕಣೇ."

ಬೋಟು ಬಂಡೆಗೆ ಬಡಿದು ವಾರವಾಗುತ್ತ ಬಂದಿತ್ತು. ಬಲೆ ಎಳೆಯುವ ಮುದುಕನ ಹೆಣ ದಡಕ್ಕೆ ಬಂದಿತ್ತು, ಅಕ್ಕನ ಗಂಡನದು ಬಂದಿರಲಿಲ್ಲ, ಚುಕ್ಕಾಣಿ ಹಿಡಿದಿದ್ದ ತಮ್ಮನೊಬ್ಬನೇ ಜೀವಂತ ಸಿಕ್ಕಿ ಕಂಬಿಯ ಹಿಂದೆ ನಿಂತಿದ್ದ.

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ತಡೆಯಲು ಹೋಗಲಿಲ್ಲ. ತಾನು ಇಷ್ಟು ದಿನ ಕೇಳಿದ್ದನ್ನೇ ಅಕ್ಕ ಕೇಳುತ್ತಿದ್ದಳು, ಅವನೂ ಅದೇ ಉತ್ತರ ಕೊಡುತ್ತಿದ್ದ. ಅಕ್ಕನ ಏಟಿಗೂ ಬದಲಾಗದ ಉತ್ತರ.

"ದೀಪ ಆರಿತ್ತಾ?" ಎಂದಳು.

"ಇಲ್ಲ ಮೇಡಂ. ಚೆನ್ನಾಗೇ ತಿರುಗ್ತಿತ್ತು. ಬಿಳಿಯಾಗಿ. ಬಿಳಿ ಇದ್ರೆ ದಾರಿ ಸರಿ ಅಂತ ಅರ್ಥ. ಅದಕ್ಕೇ ನೇರ ಹಿಡಿದೆ."

ಈ ಮಾತೇ ಅವಳನ್ನು ಕಾಡುತ್ತಿದ್ದುದು. ಬಂದರಿನ ಬಾಯಿಯ ಒಂದು ಪಕ್ಕದಲ್ಲಿ ನೀರಿನ ಮಟ್ಟಕ್ಕೇ ಅಡಗಿ ಕೂತ ಬಂಡೆಗಳಿದ್ದವು. ಮೀನುಗಾರರು ಅವನ್ನು 'ಹಲ್ಲು' ಎನ್ನುತ್ತಿದ್ದರು. ದೀಪಸ್ತಂಭದ ಬೆಳಕು ಸಮುದ್ರದ ಎಲ್ಲ ಕಡೆಗೂ ಬಿಳಿ, ಹಲ್ಲಿನ ದಿಕ್ಕಿಗೆ ಮಾತ್ರ, ಅಲ್ಲಿ ಕೂರಿಸಿದ ಕೆಂಪು ಗಾಜಿನಿಂದಾಗಿ, ಕೆಂಪು. ಕೆಂಪು ಕಂಡ ಬೋಟಿನವನು ಚುಕ್ಕಾಣಿ ತಿರುಗಿಸಲೇಬೇಕು. ಅಷ್ಟು ಸರಳ. ಸುಳ್ಳು ಹೇಳುವವನಾಗಿದ್ದರೆ ದೀಪ ಆರಿತ್ತು ಎಂದುಬಿಡುತ್ತಿದ್ದ. ಬಿಳಿ ಎಂಬ ಹುಚ್ಚು ಸುಳ್ಳು ಯಾರಿಗೂ ಹೊಳೆಯುವಂಥದ್ದಲ್ಲ.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರು.

"ನಾಳೆ ಮತ್ತೆ ಕೋರ್ಟಿಗೆ ಹಾಜರುಪಡಿಸ್ತಿದ್ದೀರಿ ತಾನೇ? ಇನ್ನೂ ಏನು ಹುಡುಕಾಟ?"

"ಆ ಗಾಜನ್ನ ನಾನೊಮ್ಮೆ ನೋಡ್ಬೇಕು ಸರ್."

"ದೀಪದ ಇಲಾಖೆಯವರೇ ಬಂದು ನೋಡಿ ಹೋಗಿದ್ದಾರಲ್ರೀ. ಕೆಂಪು ಗಾಜು ಇದೆ, ಕೆಂಪು ಬೆಳಕು ಬರ್ತಿದೆ. ಬೇರೆ ಇಲಾಖೇಲಿ ಮೂಗು ತೂರಿಸಬೇಡಿ."

"ಎರಡು ಜೀವ ಹೋಗಿದೆ ಸರ್. ಮೂಗಲ್ಲ, ತಲೇನೇ ತೂರಿಸ್ತೀನಿ."

ರಿಸೀವರ್ ಕುಕ್ಕಿದ ರಭಸಕ್ಕೆ ಪೆನ್ ಸ್ಟ್ಯಾಂಡ್ ಉರುಳಿತು. ಪೇದೆ ಅದನ್ನು ಎತ್ತಿಡಲೂ ಹೆದರಿದ.

"ನಾನೂ ಬರ್ತೀನಿ." ಅಕ್ಕ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಬಂದಿದ್ದಳು. "ಆ ಗಾಜು ನನ್ನ ಕಣ್ಣಾರೆ ನೋಡ್ತೀನಿ. ಕೆಂಪಗಿದ್ರೆ ಬಂದು ಇವನ ಇನ್ನೊಂದು ತುಟಿನೂ ಒಡೀತೀನಿ."

"ಇಲ್ದಿದ್ರೆ?"

ಅಕ್ಕ ಜೀಪಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

ಕರೆದುಕೊಂಡು ಹೋಗುವುದು ನಿಯಮಕ್ಕೆ ವಿರುದ್ಧ. ಆದರೆ ಪೊಲೀಸರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುವ ದೀಪಪಾಲಕ, ಗಂಡನನ್ನು ಕಳೆದುಕೊಂಡವಳ ಮುಖ ನೋಡಿ ಎಷ್ಟು ಹೊತ್ತು ಸುಮ್ಮನಿದ್ದಾನು? ಇನ್ಸ್‌ಪೆಕ್ಟರ್ ಜೀಪು ಹೊರಡಿಸಿದಳು.

ದೀಪಸ್ತಂಭದ ಗೇಟು ತೆರೆದೇ ಇತ್ತು. ಸುಣ್ಣ ಬಳಿದ ಗೋಪುರ, ಅದರ ಬುಡಕ್ಕೆ ಅಂಟಿಕೊಂಡಂತೆ ಎರಡು ಹಂಚಿನ ಮನೆ, ಒಂದು ತಂತಿಯ ಮೇಲೆ ಹಾರಾಡುವ ಬಟ್ಟೆ. ಬಟ್ಟೆ ತೆಗೆಯುತ್ತಿದ್ದ ಹೆಂಗಸು ಜೀಪು ಕಂಡದ್ದೇ ಅರ್ಧಕ್ಕೆ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹಿರಿಯ ದೀಪಪಾಲಕನ ಮಗಳು. ಅವಳ ಗಂಡ, ಕಿರಿಯ ದೀಪಪಾಲಕ, ಕೈ ಒರೆಸಿಕೊಳ್ಳುತ್ತ ಎದುರು ಬಂದ.

"ಅನುಮತಿ ಇಲ್ದೆ ಮೇಲೆ ಬಿಡೋ ಹಾಗಿಲ್ಲ ಮೇಡಂ."

"ಯಾರ ಅನುಮತಿ?"

"ಇಲಾಖೇದು."

"ಇಲಾಖೆಗೆ ಹೇಳು, ನಾನು ಹೆಣದ ಅನುಮತಿ ತಗೊಂಡು ಬಂದಿದ್ದೀನಿ ಅಂತ."

ಅವನು ಇನ್ನೇನೋ ಹೇಳಬೇಕೆಂದಿದ್ದ. ಅಷ್ಟರಲ್ಲಿ ಅವನ ಮಾವ ಹೊರಗೆ ಬಂದ. ಇಡೀ ಬಂದರು ಆತನನ್ನು 'ದೀಪದಜ್ಜ' ಎನ್ನುತ್ತಿತ್ತು. ನೆಟ್ಟಗಿನ ಮೈ, ಇಸ್ತ್ರಿ ಮಾಡಿದ ಸಮವಸ್ತ್ರ, ಹೊಳೆಯುವ ಗುಂಡಿಗಳು. ಇನ್ಸ್‌ಪೆಕ್ಟರನ್ನು ನೋಡಿ ತಲೆಯಾಡಿಸಿದ. ಅಕ್ಕನ ಕಡೆ ಕಣ್ಣು ಹೋದದ್ದೇ ನೋಟ ನೆಲಕ್ಕಿಳಿಯಿತು.

"ಬನ್ನಿ," ಎಂದ. "ಅಳಿಯಂದಿರೇ, ನೀವು ಇಲ್ಲೇ ಇರಿ."

ಸುರುಳಿ ಮೆಟ್ಟಿಲು ಗೋಡೆಯನ್ನು ತಬ್ಬಿಕೊಂಡು ಮೇಲೇರುತ್ತಿತ್ತು. ನಡುವೆ ಬಾವಿಯಂಥ ಖಾಲಿ ಜಾಗ. ಕೆಳಗೆ ನೋಡಿದರೆ ತಲೆ ತಿರುಗುವಂತಿತ್ತು.

"ಇದ್ಯಾಕೆ ಟೊಳ್ಳು?" ಇನ್ಸ್‌ಪೆಕ್ಟರ್ ಬೇಕೆಂದೇ ಕೇಳಿದಳು. ಹೆಮ್ಮೆಯ ಮಾತಿನಿಂದ ಶುರು ಮಾಡಿದವನು ಬೇಗ ನಿಲ್ಲಿಸುವುದಿಲ್ಲ.

"ಕಬ್ಬಿಣದ ಗುಂಡು ಇಳಿಯೋಕೆ." ಅಜ್ಜನ ದನಿಗೆ ಜೀವ ಬಂತು. "ಗೋಡೆ ಗಡಿಯಾರ ಇರುತ್ತಲ್ಲ, ಹಾಗೆ. ನಮ್ಮ ತಾತನ ಕಾಲದಲ್ಲಿ ಗುಂಡನ್ನ ಮೇಲಕ್ಕೆ ಸುತ್ತಿ ಬಿಡೋರು. ಅದು ನಿಧಾನಕ್ಕೆ ಇಳೀತಾ ಇಳೀತಾ ಮೇಲಿನ ಗಾಜನ್ನ ತಿರುಗಿಸೋದು. ತಳಕ್ಕೆ ಬಂತೋ, ಮತ್ತೆ ಸುತ್ತಬೇಕು. ಕಣ್ಣು ಮುಚ್ಚೋ ಹಾಗಿಲ್ಲ. ನಮ್ಮಪ್ಪನ ಕಾಲಕ್ಕೆ ಸೀಮೆಎಣ್ಣೆ ಆವಿಯ ದೀಪ ಬಂತು. ನನ್ನ ಕಾಲಕ್ಕೆ ಕರೆಂಟು."

"ಕೆಂಪು ಗಾಜು ಯಾವಾಗ ಬಂತು?"

"ತಾತನ ಕಾಲದಲ್ಲೇ. ಹಲ್ಲಿಗೆ ಒಂದು ದೊಡ್ಡ ಹಡಗು ಬಡಿದು ಚೂರಾಯ್ತು. ಸತ್ತೋರನ್ನ ಈ ಅಂಗಳದಲ್ಲೇ ಸಾಲಾಗಿ ಮಲಗಿಸಿದ್ರಂತೆ. ಆಮೇಲೆ ಕೆಂಪು ಗಾಜು ತರಿಸಿದ್ರು. ಅಲ್ಲಿಂದ ಇಲ್ಲೀವರೆಗೆ ಹಲ್ಲು ಯಾರನ್ನೂ..."

ಹಿಂದಿನಿಂದ ಅಕ್ಕನ ಏದುಸಿರು ಮಾತ್ರ ಕೇಳುತ್ತಿತ್ತು.

ದೀಪದ ಕೋಣೆಗೆ ಕಬ್ಬಿಣದ ಏಣಿ ಹತ್ತಬೇಕಿತ್ತು. ಒಳಗೆ ಕಾಲಿಟ್ಟ ಇನ್ಸ್‌ಪೆಕ್ಟರ್ ಒಂದು ಕ್ಷಣ ಕೋಪವನ್ನೂ ಮರೆತಳು. ಆಳೆತ್ತರದ ಗಾಜಿನ ಜೇನುಗೂಡು. ಬಳೆಗಳ ಮೇಲೆ ಬಳೆ ಪೇರಿಸಿದಂತೆ ಪಟ್ಟಕಗಳು. ಇಷ್ಟು ಭಾರದ ವಸ್ತು ಪಾದರಸ ತುಂಬಿದ ತೊಟ್ಟಿಯ ಮೇಲೆ ತೇಲುತ್ತಿತ್ತು. ಅಜ್ಜ ಒಂದೇ ಬೆರಳಲ್ಲಿ ತಳ್ಳಿದ. ಮಗು ಹೊರಳಿದಷ್ಟು ಹಗುರವಾಗಿ ಅದು ತಿರುಗಿತು.

ಸುತ್ತಲಿನ ಕಿಟಕಿ ಗಾಜುಗಳಿಗೆಲ್ಲ ದಪ್ಪ ಪರದೆ ಎಳೆದಿತ್ತು. ಅಕ್ಕ ನೇರ ಹೋಗಿ ಒಂದನ್ನು ಹಿಡಿದಳು.

"ಆ ಕಡೇದು ಬೇಡ!" ಅಜ್ಜ ಕೂಗಿದ. "ಬಿಸಿಲು ಈ ಗಾಜಿನ ಮೇಲೆ ಬಿದ್ರೆ ಭೂತಗನ್ನಡಿ ಹಿಡಿದ ಹಾಗೆ. ಎದುರಿಗೆ ಏನಿದ್ರೂ ಹೊತ್ತಿ ಉರಿಯುತ್ತೆ. ಅದಕ್ಕೇ ಹಗಲೆಲ್ಲ ಪರದೆ."

"ನನಗೆ ಹಲ್ಲಿನ ಕಡೇದು ತೋರಿಸಿ."

ಅದು ನೆರಳಿನ ಪಕ್ಕಕ್ಕಿತ್ತು. ಅಜ್ಜ ಪರದೆ ಸರಿಸಿದ. ದೊಡ್ಡದೊಂದು ಕೆಂಪು ಗಾಜು. ಅದರಾಚೆ ಸಮುದ್ರ, ನೊರೆ, ನೊರೆಯ ನಡುವೆ ಕಂಡೂ ಕಾಣದ ಕಪ್ಪು ಬಂಡೆಗಳು.

ಅಕ್ಕ ನೋಡುತ್ತ ನಿಂತಳು. "ಕೆಂಪಗೇ ಇದೆ," ಎಂದಳು. "ಕೆಂಪಗೇ ಇದೆಯಲ್ಲ. ನನ್ನ ಹೊಟ್ಟೆಗೆ ಬೆಂಕಿ ಹಾಕಿ ಸುಳ್ಳು ಬೇರೆ ಹೇಳಿದ್ನಲ್ಲ, ಪಾಪಿ!"

ಮುಷ್ಟಿ ಬಿಗಿದು ಗಾಜಿನ ಚೌಕಟ್ಟಿಗೆ ಗುದ್ದಿದಳು. ಗಾಜು ಗಡಗಡ ಅದುರಿತು.

ಇನ್ಸ್‌ಪೆಕ್ಟರ್ ಕಿವಿ ನಿಮಿರಿತು. ಪಕ್ಕದ ಗಾಜಿಗೆ ತಾನೂ ಒಂದು ಗುದ್ದು ಕೊಟ್ಟಳು. ಅದು ಅಲುಗಲಿಲ್ಲ. ಗಾಜು ಕೂರಲೆಂದು ಅದರ ಅಂಚಿಗೆ ಮೆತ್ತಿದ್ದ ಲಪ್ಪ ಒಣಗಿ ಕಲ್ಲಾಗಿತ್ತು, ಮೇಲೆ ವರ್ಷ ವರ್ಷ ಬಳಿದ ಬಣ್ಣ ಪದರಗಟ್ಟಿತ್ತು. ಕೆಂಪು ಗಾಜಿನ ಅಂಚಿಗೆ ಹೆಬ್ಬೆರಳ ಉಗುರು ಒತ್ತಿದಳು. ಹಿಟ್ಟಿಗೆ ಒತ್ತಿದಂತೆ ಒಳಗೆ ಹೋಯಿತು.

"ಈ ಲಪ್ಪ ಹೊಸದು."

"ಗಾಳಿಗೆ ಸಡಿಲ ಆಗಿತ್ತು. ಮತ್ತೆ ಮೆತ್ತಿದೆ," ಅಜ್ಜ ಗಡಿಬಿಡಿಯಲ್ಲಿ ಹೇಳಿದ.

ಇನ್ಸ್‌ಪೆಕ್ಟರ್ ಅದೇ ಉಗುರನ್ನು ಗಾಜಿನ ಮೇಲೆ ಇಟ್ಟು ಕೆಳಕ್ಕೆ ಎಳೆದಳು. ಕೀಚ್ ಎಂದಿತು. ಎಳೆದಲ್ಲೆಲ್ಲ ಕೆಂಪು ಎದ್ದು ಬಂತು. ಆ ಗೀರಿನೊಳಗಿಂದ ಸಮುದ್ರ ತನ್ನ ನೀಲಿಯಲ್ಲೇ ಕಂಡಿತು.

"ಬಣ್ಣ." ಇನ್ಸ್‌ಪೆಕ್ಟರ್ ಉಗುರನ್ನು ಅಜ್ಜನ ಮೂಗಿನ ಹತ್ತಿರ ಹಿಡಿದಳು. "ಬರೀ ಗಾಜಿಗೆ ಬಣ್ಣ ಬಳಿದಿದ್ದೀರಿ! ಇಲಾಖೆಯವರು ಕೆಳಗೆ ಅಂಗಳದಲ್ಲಿ ನಿಂತು ತಲೆ ಎತ್ತಿ ನೋಡಿ ಹೋದ್ರು, ಅಲ್ವಾ? ಹತ್ತೋಕೆ ಅವರಿಗೆ ಮಂಡಿನೋವು!"

ಅಜ್ಜ ಗಾಜಿನ ಗೂಡಿಗೆ ಬೆನ್ನು ಕೊಟ್ಟು ನಿಂತ.

"ಅಸಲಿ ಗಾಜು ಎಲ್ಲಿ?"

"ಒಡೆದುಹೋಯ್ತು."

"ಯಾವಾಗ?"

"ಹೊಸ ದೀಪ ಕೂರಿಸೋಕೆ ಗುತ್ತಿಗೆದಾರನ ಆಳುಗಳು ಬಂದಿದ್ರು. ಏಣಿ ತಾಗಿಸಿ ಒಡೆದ್ರು. 'ಹೊಸ ಕೆಂಪು ಗಾಜು ತರಿಸ್ತೀವಿ, ಅಲ್ಲೀವರೆಗೂ ಇದಿರಲಿ' ಅಂತ ಬಿಳಿ ಗಾಜು ಕೂರಿಸಿ ಹೋದ್ರು. ನಾನು ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ? 'ಬರುತ್ತೆ ಬರುತ್ತೆ' ಅಂದ್ರು. ಕೊನೆಗೆ ಫೋನ್ ಎತ್ತೋದೇ ಬಿಟ್ರು!" ಅಜ್ಜನ ದನಿ ಒಮ್ಮೆಲೇ ಏರಿತು. "ತಾತನ ಕಾಲದಿಂದ ಕಣ್ಣಲ್ಲಿ ಕಣ್ಣಿಟ್ಟು ಕಾದ ದೀಪ ಇದು. ಅವರಿಗೆ ಬರೀ ಒಂದು ಬಲ್ಬು!"

"ಬಾಯಿ ಮುಚ್ಚಿ!"

ಕೂಗಿದ್ದು ಇನ್ಸ್‌ಪೆಕ್ಟರ್. ದೀಪದ ಪಟ್ಟಕಗಳೆಲ್ಲ ಆ ದನಿಗೆ ಝಲ್ಲೆಂದವು.

"ಅವರ ಮೇಲೆ ಸಿಟ್ಟು ಮಾಡ್ಕೊಳ್ತೀರಾ? ನೀವೇನು ಮಾಡಿದ್ರಿ? ಕೆಳಗಿಳಿದು ಬಂದರಿಗೆ ಹೋಗಿ 'ಕೆಂಪು ಗಾಜು ಇಲ್ಲ, ಹುಷಾರು' ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತು. ಒಂದೇ ಒಂದು ಮಾತು! ಚಹಾ ಅಂಗಡೀಲಿ ಹೇಳಿದ್ರೂ ಸಂಜೆಯೊಳಗೆ ಎಲ್ಲ ಬೋಟಿಗೂ ಗೊತ್ತಾಗ್ತಿತ್ತು."

"ಹೇಳಿದ್ರೆ ಕೆಲಸ ಹೋಗುತ್ತೆ ಅಂದ್ರು ಗುತ್ತಿಗೆದಾರನ ಕಡೆಯವರು. ನನ್ನದಲ್ಲ, ಅಳಿಯಂದು. ಮಗಳು ಈಗ ಬಸುರಿ..."

"ನನಗೂ ಮನೆ ಇತ್ತು ಅಜ್ಜ." ಅಕ್ಕನ ದನಿ ತಣ್ಣಗಿತ್ತು. ಅಷ್ಟು ಹೊತ್ತು ಕೂಗಾಡಿದವಳ ಆ ತಣ್ಣನೆಯ ದನಿಗೆ ಇನ್ಸ್‌ಪೆಕ್ಟರೂ ತಿರುಗಿ ನೋಡಿದಳು. "ನನ್ನ ತಮ್ಮನ ಮುಖಕ್ಕೆ ಉಗಿದೆ. ಸ್ಟೇಷನ್‌ಗೆ ಹೋಗಿ ಎಲ್ಲರೆದುರು ಹೊಡೆದೆ. ಅವನು ನಿಜ ಹೇಳ್ತಿದ್ದ. ನೀವು ಇಲ್ಲಿ ಕೂತು ಗುಂಡಿ ಉಜ್ಜಿ ಹೊಳಪು ಮಾಡ್ತಿದ್ರಿ."

ಅಜ್ಜ ಕೈಮುಗಿದ. ಆ ಕೈ ನಡುಗುತ್ತಿತ್ತು. ಈಗಿನ ಭಯಕ್ಕಲ್ಲ, ವಯಸ್ಸಿನ ನಡುಕ. ಬೆರಳುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಆ ಕೈಯನ್ನೇ ನೋಡಿದಳು. ಆಮೇಲೆ ಗಾಜನ್ನು.

"ಬಣ್ಣ ಬಳಿದಿದ್ದು ಯಾರು?"

"ನಾನೇ. ಬೋಟು ಒಡೆದ ಮಾರನೇ ಬೆಳಿಗ್ಗೆ. ಇಲಾಖೆಯವರು ಬರೋ ಮೊದಲು."

"ಈ ಕೈಯಲ್ಲಿ?"

ಅಜ್ಜ ಕೈ ಹಿಂದೆ ಕಟ್ಟಿಕೊಂಡ.

"ಒಂದು ಹನಿ ಇಳಿದಿಲ್ಲ. ಅಂಚಿಗೆ ಎಲ್ಲೂ ಮೆತ್ತಿಲ್ಲ. ಇಷ್ಟು ನಯವಾಗಿ ಬಳಿಯೋಕೆ ನಿಮ್ಮ ಕೈಲಿ ಆಗಲ್ಲ. ನಿಮ್ಮ ಅಳಿಯ, ಅಲ್ವಾ? ಸರಿ. ಸಾಕ್ಷ್ಯ ನಾಶ ಅಂತ ಈಗಲೇ ಕೋಳ ಹಾಕಿ ಕರೆದುಕೊಂಡು ಹೋಗ್ತೀನಿ. ನಿಮ್ಮ ಮಗಳ ಕಣ್ಣೆದುರಿಗೇ."

"ಅವನಲ್ಲ! ದೇವರಾಣೆ ಅವನಲ್ಲ!"

"ಮತ್ಯಾರು?"

ಅಜ್ಜನ ನೋಟ ಇನ್ಸ್‌ಪೆಕ್ಟರನ್ನು ದಾಟಿ ಹಿಂದಕ್ಕೆ ಹೋಯಿತು. ಇನ್ಸ್‌ಪೆಕ್ಟರ್ ತಿರುಗಿದಳು.

ಅಕ್ಕ ಗಾಜಿಗೆ ಮುಖ ಹತ್ತಿರ ಹಿಡಿದು ನಿಂತಿದ್ದಳು. ಕುಂಚ ಎಳೆದ ಗೆರೆಗಳ ಮೇಲೆ ಬೆರಳು ಓಡಿಸುತ್ತಿದ್ದಳು, ಮುಟ್ಟಿಯೂ ಮುಟ್ಟದ ಹಾಗೆ. ಗೆರೆಗಳು ಬಲದಿಂದ ಎಡಕ್ಕೆ ಸಾಗಿ, ಕೊನೆಯಲ್ಲಿ ಮೇಲಕ್ಕೆ ಸಣ್ಣದಾಗಿ ತಿರುಗಿದ್ದವು. ಪ್ರತಿಯೊಂದೂ ಹಾಗೇ.

"ಎಡಗೈ," ಎಂದಳು ತನಗೆ ತಾನೇ.

"ಏನು?"

"ಬಲೆ ಬಿಡದ ತಿಂಗಳುಗಳಲ್ಲಿ ಅವರು ಬೋಟಿಗೆ ಬಣ್ಣ ಬಳಿಯೋ ಕೆಲಸ ಮಾಡ್ತಿದ್ರು. ಪಕ್ಕದಲ್ಲಿ ಕೂತು ಡಬ್ಬಿ ಹಿಡ್ಕೊಳ್ತಿದ್ದವಳು ನಾನು. ಕೊನೇಲಿ ಹೀಗೆ ಮೇಲಕ್ಕೆ ಎತ್ತಿಬಿಟ್ರೆ ಬಣ್ಣ ಸೋರಲ್ಲ ಅಂತಿದ್ರು. ಬೇರೆ ಯಾರೂ ಹೀಗೆ ಬಳಿಯಲ್ಲ." ಅವಳು ತಿರುಗಿದಳು. ಮುಖದಲ್ಲಿ ರಕ್ತವಿರಲಿಲ್ಲ. "ಇದು ನನ್ನ ಗಂಡನ ಕೈ."

"ಅಂದ್ರೆ ಬೋಟು ಹೊರಡೋ ಮೊದಲೇ ಬಂದು ಬಳಿದಿರಬೇಕು," ಎಂದಳು ಇನ್ಸ್‌ಪೆಕ್ಟರ್. ಹೇಳುತ್ತಿದ್ದಂತೆ ಅದು ಹೊಂದುವುದಿಲ್ಲ ಎಂದು ಅವಳಿಗೇ ಗೊತ್ತಾಯಿತು. ಮೊದಲೇ ಬಳಿದಿದ್ದರೆ ತಮ್ಮನಿಗೆ ಕೆಂಪು ಕಾಣಬೇಕಿತ್ತು.

ಅಕ್ಕ ಅಜ್ಜನ ಎದುರಿಗೆ ಹೋಗಿ ನಿಂತಳು. ಕೊರಳು ಹಿಡಿಯಲಿಲ್ಲ, ಕೈ ಎತ್ತಲಿಲ್ಲ.

"ಮಾರನೇ ಬೆಳಿಗ್ಗೆ ಅಂದ್ರಿ. ಬೋಟು ಒಡೆದ ಮಾರನೇ ಬೆಳಿಗ್ಗೆ. ನಿಜಾನಾ?"

ಅಜ್ಜ ಕಣ್ಣು ಮುಚ್ಚಿ ತಲೆಯಾಡಿಸಿದ.

"ನಾನು ಆ ಬೆಳಿಗ್ಗೆ ದಡದ ಮೇಲೆ ಬಿದ್ದು ಹೊರಳಾಡ್ತಿದ್ದೆ. ಬಂದ ಹೆಣದ ಮುಖ ನೋಡಿ, ನಂದಲ್ಲ ನಂದಲ್ಲ ಅಂತ ಕಿರುಚ್ತಿದ್ದೆ. ಇಲ್ಲಿಂದ ದಡ ಕಾಣುತ್ತಲ್ಲ ಅಜ್ಜ?"

"ಕಾಣುತ್ತೆ."

"ಅವರು ಇಲ್ಲೇ ನಿಂತು ಬಣ್ಣ ಬಳೀತಿದ್ರಾ?"

"ಮೊದಲು ದೆವ್ವ ಅಂದ್ಕೊಂಡೆ ತಾಯಿ. ಹಣೆ ಒಡೆದಿತ್ತು, ಬಟ್ಟೆ ಹರಿದಿತ್ತು. ಅಳಿಯಂದಿರೇ ಕರ್ಕೊಂಡು ಬಂದ್ರು. ಬಳಿಯೋವಾಗ ಒಂದ್ಸಲ ದಡದ ಕಡೆ ನೋಡಿದ. ನೀನು ಕಂಡೆ ಅಂತ ಕಾಣುತ್ತೆ. ಕುಂಚ ಕೆಳಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ಕೊಂಡ." "'ನಾನು ಸತ್ತಿದ್ದೀನಿ ಅಂತಲೇ ಇರಲಿ' ಅಂದ. 'ನನ್ನ ಹೆಂಡತಿ ಬಂದು ಕೇಳಿದ್ರೂ' ಅಂದ."

ಅಕ್ಕನ ಮುಖಕ್ಕೆ ರಕ್ತ ಮರಳಿ ಬಂತು. ಕಿವಿಯವರೆಗೂ ಕೆಂಪಾಯಿತು. ಅಳಲಿಲ್ಲ. ವಾರದಿಂದ ಅತ್ತದ್ದೆಲ್ಲ ಅವಳ ಕಣ್ಣೆದುರು ಬಂದು ನಿಂತು ಅಣಕಿಸುತ್ತಿರಬೇಕು.

"ಇದನ್ನೆಲ್ಲ ಯಾರು ಮಾಡಿಸಿದ್ರು ಅವನಿಂದ?" ಇನ್ಸ್‌ಪೆಕ್ಟರ್ ಅಜ್ಜನ ರಟ್ಟೆ ಹಿಡಿದಳು. "ಗುತ್ತಿಗೆದಾರನಾ? ನಿಮ್ಮ ಅಳಿಯನಾ? ಹೇಳ್ರೀ!"

"ನನಗೆ ಅದು ಗೊತ್ತಿಲ್ಲ."

"ಅದು ಆಮೇಲೆ," ಎಂದಳು ಅಕ್ಕ. "ಎಲ್ಲಿಗೆ ಹೋದ?"

ಅವಳ ಬಾಯಲ್ಲಿ ಗಂಡ 'ಅವರು' ಹೋಗಿ 'ಅವನು' ಆಗಿದ್ದ.

"ಹೇಳಿ ಅಜ್ಜ. ಬಣ್ಣ ಬಳಿದು ಎಲ್ಲಿಗೆ ಹೋದ?"

"ಹೋಗಿಲ್ಲ ತಾಯಿ."

ಅಷ್ಟು ಮೆಲ್ಲಗೆ ಹೇಳಿದ್ದಕ್ಕೆ, ಕೇಳಿದ್ದು ಸರಿಯೋ ತಪ್ಪೋ ಎಂದು ಇನ್ಸ್‌ಪೆಕ್ಟರಿಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಅಕ್ಕನಿಗೆ ಗೊತ್ತಾಗಿತ್ತು. ಅವಳು ಆಗಲೇ ಏಣಿ ಇಳಿಯುತ್ತಿದ್ದಳು. ಮರುಕ್ಷಣ ಸುರುಳಿ ಮೆಟ್ಟಿಲ ಮೇಲೆ ಅವಳ ಹೆಜ್ಜೆಗಳ ಸದ್ದು ಕೆಳಗೆ, ಇನ್ನೂ ಕೆಳಗೆ.

ಇನ್ಸ್‌ಪೆಕ್ಟರ್ ಸಣ್ಣ ಬಾಗಿಲು ತಳ್ಳಿ ಗೋಪುರ ಸುತ್ತಿದ ಹೊರಗಿನ ಬಾಲ್ಕನಿಗೆ ಬಂದಳು. ಗಾಳಿ ಮುಖಕ್ಕೆ ರಾಚಿತು. ಬಗ್ಗಿ ನೋಡಿದಳು.

ಕೆಳಗೆ ಅಂಗಳದ ತುದಿಯಲ್ಲಿ, ಬಂಡೆಯ ಅಂಚಿಗೆ, ಹಿಂದಿನ ಕಾಲದಲ್ಲಿ ದೀಪದೆಣ್ಣೆ ಶೇಖರಿಸುತ್ತಿದ್ದ ಕಲ್ಲಿನ ಕೋಣೆಯೊಂದಿತ್ತು. ಕಿಟಕಿಯಿಲ್ಲದ, ಕಬ್ಬಿಣದ ಬಾಗಿಲಿನ ಕೋಣೆ. ಅಳಿಯ ಅದರ ಕಡೆಗೆ ಓಡುತ್ತಿದ್ದ.

"ಏಯ್! ನಿಲ್ಲು ಅಲ್ಲೇ!"

ಗಾಳಿ ಆ ಕೂಗನ್ನು ಎತ್ತಿಕೊಂಡು ಹೋಯಿತು. ಕೇಳಿಸಿದ್ದರೂ ಅವನು ನಿಲ್ಲುವ ಹಾಗಿರಲಿಲ್ಲ. ಬಾಗಿಲ ಬಳಿ ತಲುಪಿದವನು ಜೇಬಿಗೆ ಕೈ ಹಾಕಿದ. ಒಳಗಿರುವವನನ್ನು ಓಡಿಸುತ್ತಾನೆ ಎಂದುಕೊಂಡು ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿದಳು. ಮೆಟ್ಟಿಲು ಇಳಿಯುವಷ್ಟರಲ್ಲಿ ಇಬ್ಬರೂ ಕೈತಪ್ಪಿ ಹೋಗುತ್ತಾರೆ.

ಅವನು ಬಾಗಿಲು ತೆರೆಯಲಿಲ್ಲ.

ಅಗುಳಿ ಎಳೆದ. ದಪ್ಪನೆಯ ಬೀಗ ಸಿಕ್ಕಿಸಿ ಒತ್ತಿದ. ಕಡ್ಡಿ ಗೀರಿ ಎಣ್ಣೆಬಟ್ಟೆಯೊಂದನ್ನು ಹೊತ್ತಿಸಿ ಬಾಗಿಲ ಸಂದಿಯೊಳಗೆ ತುರುಕಿದ. ಕೀಲಿಕೈಯನ್ನು ಕಿತ್ತು, ತಲೆ ಎತ್ತಿ ಗೋಪುರದ ಮೇಲೆ ನಿಂತ ಇನ್ಸ್‌ಪೆಕ್ಟರನ್ನೇ ನೇರವಾಗಿ ನೋಡುತ್ತ, ತೋಳು ಬೀಸಿ ಸಮುದ್ರಕ್ಕೆಸೆದ.

ಅಕ್ಕ ಗೋಪುರದ ಬುಡದಿಂದ ಹೊರಬಿದ್ದು ಅಂಗಳದ ನಡುವೆ ಓಡುತ್ತಿದ್ದಳು. ಒಳಗಿನಿಂದ ಯಾರೋ ಆ ಕಬ್ಬಿಣದ ಬಾಗಿಲನ್ನು ಎರಡೂ ಕೈಗಳಿಂದ ಬಡಿಯತೊಡಗಿದರು. ಬಾಗಿಲ ಸಂದಿಯಿಂದ ಹೊಗೆ ಬರುತ್ತಿತ್ತು.